ಫಿಸಿಕ್ಸ್ ಲೆಕ್ಕ ಹೇಳಿಸಿಕೊಳ್ಳೋಕೆ ಹೋಗುವ ಮುಂಚೆ

"ಸಾರ್, ಈ ಲೆಕ್ಕ ಬರ್ತಿಲ್ಲ." ಓದುವಾಗ ನಾನು ಕೇಳುತ್ತಿದ್ದದ್ದು ಇಷ್ಟೇ. ಮೇಷ್ಟ್ರು ಪೂರ್ತಿ ಬಿಡಿಸಿ ತೋರಿಸುತ್ತಿದ್ದರು, ನಾನು ತಲೆಯಾಡಿಸಿ ಬರೆದುಕೊಳ್ಳುತ್ತಿದ್ದೆ. ಮುಂದಿನ ಲೆಕ್ಕಕ್ಕೆ ಮತ್ತೆ ಪೆನ್ನು ಕಚ್ಚುತ್ತಾ ಕೂರುವುದು. ಈಗ ನಾನೇ ಹೇಳಿಕೊಡುತ್ತೇನೆ. ಎದುರಿಗೆ ಕೂತವರು ಅದೇ ಮಾತು ಅಂದರೆ ಎಲ್ಲಿಂದ ಶುರು ಮಾಡಲಿ ಅಂತ ನನಗೇ ತಿಳಿಯುವುದಿಲ್ಲ.

ಅದಕ್ಕೇ ಖಾಲಿ ಹಾಳೆ ಹಿಡಿದುಕೊಂಡು ಹೋಗಬೇಡಿ. ತಪ್ಪೇ ಇರಲಿ, ಗೀಚಿದ್ದನ್ನು ಅಳಿಸದೆ ತೋರಿಸಿ.

ಒಬ್ಬ ಹುಡುಗಿ ಹೀಗೇ ತಂದಿದ್ದಳು. 30 ಡಿಗ್ರಿ ಇಳಿಜಾರು, ಮೇಲೊಂದು ಪೆಟ್ಟಿಗೆ, ಘರ್ಷಣಾ ಗುಣಾಂಕ (ಒತ್ತುವ ಬಲದ ಎಷ್ಟು ಪಾಲು ಘರ್ಷಣೆಯಾಗುತ್ತೆ ಅನ್ನೋ ಅಂಕಿ) 0.2. ಜಾರುವಾಗ ವೇಗೋತ್ಕರ್ಷ ಎಷ್ಟು? ಪುಸ್ತಕದ ಉತ್ತರ 3.2 ಮೀ/ಸೆ². ಅವಳದ್ದು 2.94. "ಪುಸ್ತಕದಲ್ಲೇ ತಪ್ಪಿರಬೇಕು" ಅಂದಳು. ಪೆಟ್ಟಿಗೆಯ ತೂಕ ಬೇರೆ ಕೊಟ್ಟಿಲ್ಲ ಅನ್ನೋ ಸಿಟ್ಟು ಜೊತೆಗೆ. (ಅದು ಬೇಕಾಗಿಯೇ ಇಲ್ಲ, ಎರಡೂ ಕಡೆ ಹೊಡೆದುಹೋಗುತ್ತೆ.) ಹಾಳೆಯಲ್ಲಿ ಚಿತ್ರವೇ ಇರಲಿಲ್ಲ. ಬರೆಯಮ್ಮಾ ಅಂದೆ. ತೂಕದ ಬಾಣ ನೇರ ಕೆಳಕ್ಕೆ ಎಳೆದಳು. ಇಳಿಜಾರು ಪೆಟ್ಟಿಗೆಯನ್ನು ತಳ್ಳುವ ಬಾಣ ಇಳಿಜಾರಿಗೆ ಲಂಬವಾಗಿ, ಓರೆಯಾಗಿ ಬಂತು. ಅಲ್ಲೇ ಕೈ ನಿಂತಿತು. ಘರ್ಷಣೆಗೆ ಅವಳು ಪೂರ್ತಿ ತೂಕ ಹಿಡಿದಿದ್ದಳು. ಇಳಿಜಾರನ್ನು ಒತ್ತುವುದು ತೂಕದ ಕಾಸ್ 30 ಭಾಗ, ಅಂದರೆ 0.866 ಮಾತ್ರ. ಗುರುತ್ವದ ವೇಗೋತ್ಕರ್ಷ 9.8, ಸೈನ್ 30 ಅಂದರೆ 0.5; 9.8 × (0.5 − 0.2 × 0.866) ಮಾಡಿದಳು, 3.2 ಬಂತು. ನಾನು ಹೇಳಿಕೊಟ್ಟದ್ದು ಏನೂ ಇಲ್ಲ.

ಚಿತ್ರ ಬರೆದೂ ಸಿಕ್ಕಿಕೊಂಡರೆ, ಸಿಕ್ಕಿಕೊಂಡ ಸಾಲಿಗೆ ಬೆರಳಿಟ್ಟು ಕೇಳಿ: "ಇಲ್ಲಿ ಪೂರ್ತಿ ತೂಕ ತಗೊಂಡಿದ್ದೀನಿ, ಸರೀನಾ?" ಇಂಥ ಪ್ರಶ್ನೆಗೆ ಎರಡು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಫೋಟೋ ಕಳಿಸುವುದಾದರೆ ಪ್ರಶ್ನೆ ಪೂರ್ತಿ ಇರಲಿ, ಅರ್ಧ ಕತ್ತರಿಸಿದ್ದು ಬೇಡ.

ಕೆಲವಕ್ಕೆ ಯಾರನ್ನೂ ಕೇಳಬೇಕಿಲ್ಲ. ಗಂಟೆಗೆ 72 ಕಿ.ಮೀ. ಅನ್ನೋದನ್ನು ಸೆಕೆಂಡಿಗೆ 20 ಮೀಟರ್ ಮಾಡಿಕೊಂಡಿರಾ? ಕ್ಯಾಲ್ಕುಲೇಟರ್‌ನಲ್ಲಿ ಸೈನ್ 30 ಒತ್ತಿ, 0.5 ಬರಬೇಕು. −0.988 ಬಂದರೆ ಅದು ಡಿಗ್ರಿಯಲ್ಲಿಲ್ಲ, ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ನಲ್ಲಿದೆ. ಇದು ಗೊತ್ತಿಲ್ಲದೆ ನಾನು ಒಂದು ಸಂಜೆ ಪೂರ್ತಿ ಹಾಳು ಮಾಡಿಕೊಂಡಿದ್ದೆ.

ಅರ್ಥವಾಯಿತು ಅನ್ನಿಸಿದ ಮೇಲೆ ಹಾಳೆ ಮುಚ್ಚಿಟ್ಟು, ಮರುದಿನ ಒಂದು ಅಂಕಿ ಬದಲಿಸಿ ಮತ್ತೆ ಮಾಡಿ. ಆ ಹುಡುಗಿ 30ರ ಬದಲು 10 ಡಿಗ್ರಿ ಹಾಕಿದಳು. ಉತ್ತರ −0.23.

"ಸಾರ್, ಹಾಗಾದ್ರೆ ಪೆಟ್ಟಿಗೆ ಮೇಲಕ್ಕೆ ಹತ್ತುತ್ತಾ?"

ಹತ್ತಲ್ಲಮ್ಮ. ಜಾರುತ್ತಾ ಬಂದಿದ್ದರೆ ನಿಧಾನವಾಗಿ ನಿಲ್ಲುತ್ತೆ. ಸುಮ್ನೆ ಇಟ್ಟಿದ್ದರೆ ಅಲ್ಲೇ ಕೂತಿರುತ್ತೆ.