ಚಕ್ಕುಲಿಯ ಗರಿಮೆ ಹಿಟ್ಟಿನ ಹದದಲ್ಲಿ

ಗೌರಿ-ಗಣೇಶ ಹಬ್ಬಕ್ಕೆ ವಾರವಿರುವಾಗ ದಾವಣಗೆರೆಯ ಹಿಟ್ಟಿನ ಗಿರಣಿಗಳ ಮುಂದೆ ಡಬ್ಬಿ, ಚೀಲ ಹಿಡಿದವರ ಸಾಲು ಬೆಳೆಯುತ್ತದೆ. ಅವರಲ್ಲಿ ಹಲವರು ತಂದಿರುವುದು ಚಕ್ಕುಲಿಯ ಅಕ್ಕಿ ಮತ್ತು ಉದ್ದಿನಬೇಳೆ. ಚಕ್ಕುಲಿ ಗಟ್ಟಿಯಾಯಿತು, ಎಣ್ಣೆ ಕುಡಿಯಿತು, ಒತ್ತುವಾಗ ತುಂಡು ತುಂಡಾಯಿತು ಎಂದು ಹಬ್ಬ ಮುಗಿದ ಮೇಲೆ ಬೇಸರಪಡುವವರು ಸಾಮಾನ್ಯವಾಗಿ ಒಲೆಯ ಉರಿಯನ್ನೋ ಎಣ್ಣೆಯನ್ನೋ ದೂರುತ್ತಾರೆ. ಹಲವು ವರ್ಷ ಮನೆಯಲ್ಲಿ ಮಾಡುತ್ತ ಬಂದ ನನಗೆ ತಿಳಿದುಬಂದಿರುವಂತೆ, ಬಾಣಲೆಗೆ ಬೀಳುವ ಮೊದಲೇ ಚಕ್ಕುಲಿಯ ಗುಣ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ. ಆದ್ದರಿಂದ ಇಲ್ಲಿ ಕರಿಯುವ ವಿಧಾನಕ್ಕಿಂತ ಹಿಟ್ಟಿನ ವಿಷಯಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಅಕ್ಕಿ ಮತ್ತು ಉದ್ದು

ಅಳತೆ ಸುಲಭವಾಗಿದೆ. ನಾಲ್ಕು ಲೋಟ ಅಕ್ಕಿಗೆ ಒಂದು ಲೋಟ ಉದ್ದಿನಬೇಳೆ. 200 ಗ್ರಾಂ ಹಿಡಿಯುವ ಲೋಟವಾದರೆ ಒಟ್ಟು ಒಂದು ಕಿಲೋದಷ್ಟು ಹಿಟ್ಟು ಸಿಗುತ್ತದೆ. ಅಕ್ಕಿ ಹಿಟ್ಟಿನಲ್ಲಿ ಗೋಧಿಗಿರುವಂಥ ಜಿಗುಟು ಇಲ್ಲ; ಅದನ್ನು ಎಳೆಯಾಗಿ ಹಿಡಿದು ನಿಲ್ಲಿಸುವ ಅಂಟನ್ನು ಕೊಡುವುದು ಉದ್ದು. ಉದ್ದು ಕಡಿಮೆಯಾದರೆ ಎಳೆ ಮುರಿಯುತ್ತದೆ, ಹೆಚ್ಚಾದರೆ ಚಕ್ಕುಲಿ ಬೇಗ ಕೆಂಪಾಗಿ ಹಲ್ಲಿಗೆ ಗಟ್ಟಿಯಾಗುತ್ತದೆ. ಪುಟಾಣಿ ಹಿಟ್ಟನ್ನು ಸೇರಿಸುವ ರೂಢಿಯೂ ನಮ್ಮ ಕಡೆ ಇದೆ. ಅದರಿಂದ ಚಕ್ಕುಲಿ ಹಗುರಾಗುವುದು ನಿಜವಾದರೂ ಪುಟಾಣಿಗೆ ಅಂಟಿನ ಗುಣವಿಲ್ಲದ ಕಾರಣ ಒತ್ತುವಾಗ ತೊಂದರೆಯಾಗುತ್ತದೆ. ಮೊದಲ ಬಾರಿ ಮಾಡುವವರು ಅದನ್ನು ಬಿಡುವುದೇ ಒಳ್ಳೆಯದು.

ಅಕ್ಕಿ ಹಳೆಯದಾಗಿರಬೇಕು. ಭದ್ರಾ ನಾಲೆಯ ನೀರಿನಲ್ಲಿ ಬೆಳೆಯುವ ನಮ್ಮ ಜಿಲ್ಲೆಯ ಬೇಸಿಗೆ ಭತ್ತ ಮೇ ತಿಂಗಳ ಹೊತ್ತಿಗೆ ಕಟಾವಿಗೆ ಬರುತ್ತದೆ. ಹಾಗಾಗಿ ಭಾದ್ರಪದದ ಹೊತ್ತಿಗೆ ಅಂಗಡಿಯಲ್ಲಿ ಹೊಸ ಅಕ್ಕಿ, ಹಳೆ ಅಕ್ಕಿ ಎರಡೂ ಇರುತ್ತವೆ. ಹೊಸ ಅಕ್ಕಿಯ ಹಿಟ್ಟು ನೀರು ಬಿದ್ದ ಕೂಡಲೇ ಮುದ್ದೆಯಾಗಿ ಕೈಗೆ ಅಂಟುತ್ತದೆ, ಕರಿದಾಗ ಮೆತ್ತಗೆ ಉಳಿಯುತ್ತದೆ. ಅಂಗಡಿಯವರನ್ನು ಕೇಳಿ ಒಂದು ವರ್ಷ ಹಳೆಯದಾದ ಸೋನಾ ಮಸೂರಿಯನ್ನೋ ದೋಸೆ ಅಕ್ಕಿಯನ್ನೋ ತರಬೇಕು. ಕುಸುಬಲಕ್ಕಿ ಇದಕ್ಕೆ ಬರುವುದಿಲ್ಲ.

ಅಕ್ಕಿಯನ್ನು ಎರಡು ಮೂರು ನೀರಿನಲ್ಲಿ ತೊಳೆದು, ನೀರು ಪೂರ್ತಿ ಬಸಿದು, ಹತ್ತಿಯ ಬಟ್ಟೆಯ ಮೇಲೆ ತೆಳುವಾಗಿ ಹರವಿ ನೆರಳಿನಲ್ಲಿ ಆರಿಸಬೇಕು. ದೀಪಾವಳಿಯ ಹೊತ್ತಿಗೆ ಗಾಳಿ ಒಣಗಿರುವುದರಿಂದ ಅರ್ಧ ದಿನ ಸಾಕಾಗುತ್ತದೆ. ಗಣೇಶನ ಹಬ್ಬದ ಜಿಟಿಜಿಟಿ ಮಳೆಯಲ್ಲಿ ಫ್ಯಾನಿನ ಕೆಳಗೆ ಹಾಕಿದರೂ ಒಂದು ಹಗಲು ಒಂದು ರಾತ್ರಿ ಬೇಕು. ಒಂದು ವರ್ಷ ಆತುರಪಟ್ಟು, ಮೇಲೆ ಒಣಗಿದಂತೆ ಕಂಡ ಅಕ್ಕಿಯನ್ನು ಗಿರಣಿಗೆ ಕೊಟ್ಟುಬಿಟ್ಟಿದ್ದೆ. ಹಿಟ್ಟು ಮರುದಿನವೇ ಗಂಟುಕಟ್ಟಿತು, ಮೂರನೆಯ ದಿನ ಹುಳಿವಾಸನೆ ಬಂದು ಪೂರ್ತಿ ಚೆಲ್ಲಬೇಕಾಯಿತು. ಅಂದಿನಿಂದ ನಾಲ್ಕು ಕಾಳನ್ನು ಹಲ್ಲಿನಲ್ಲಿ ಕಡಿದು ನೋಡುತ್ತೇನೆ. ಕಟ್ಟೆಂದು ಸದ್ದಾಗಿ ಒಡೆದರೆ ಮಾತ್ರ ಅಕ್ಕಿ ಒಣಗಿದೆ ಎಂದು ಅರ್ಥ.

ಉದ್ದಿನಬೇಳೆಯನ್ನು ತೊಳೆಯುವ ಅಗತ್ಯವಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈ ಬಿಡದೆ ಹುರಿಯಬೇಕು. ಬೇಳೆಯ ಬಿಳಿ ಬಣ್ಣ ತಿರುಗಿ ನಸುಗೆಂಪು ಹತ್ತಿ, ಮನೆಯ ತುಂಬ ಘಮ ಬರುತ್ತಿದ್ದಂತೆ ಇಳಿಸಿ ಬೇರೆ ತಟ್ಟೆಗೆ ಸುರಿಯಬೇಕು. ಕಾದ ಬಾಣಲೆಯಲ್ಲಿಯೇ ಬಿಟ್ಟರೆ ಅದು ಇನ್ನೂ ಕೆಂಪಾಗುತ್ತಲೇ ಹೋಗುತ್ತದೆ. ಹುರಿಯದ ಉದ್ದಿನ ಚಕ್ಕುಲಿಯಲ್ಲಿ ಹಸಿವಾಸನೆ ಉಳಿಯುತ್ತದೆ. ಹೆಚ್ಚು ಹುರಿದರೆ ಚಕ್ಕುಲಿ ಕಪ್ಪಾಗಿ ಕಹಿಯಾಗುತ್ತದೆ.

ಬೇಳೆ ಪೂರ್ತಿ ಆರಿದ ಮೇಲೆ ಅಕ್ಕಿಯೊಂದಿಗೆ ಬೆರೆಸಿ ನುಣ್ಣಗೆ ಬೀಸಿಸಬೇಕು. ಗಿರಣಿಯಲ್ಲಿ ನಮಗಿಂತ ಮುಂದಿನವರು ಏನು ಬೀಸಿಸಿದ್ದಾರೆ ಎಂದು ನೋಡಿಕೊಳ್ಳುವುದು ಮುಖ್ಯ. ಅಕ್ಕಿಯ ಬೆನ್ನಿಗೆ ಬೀಸಿಸಿದರೆ ಹಿಟ್ಟು ಶುದ್ಧವಾಗಿರುತ್ತದೆ, ರಾಗಿಯ ಬೆನ್ನಿಗೆ ಬೀಸಿಸಿದರೆ ಬಣ್ಣ ಕೆಡುತ್ತದೆ. ಬಿಸಿ ಹಿಟ್ಟನ್ನು ಡಬ್ಬಿಯಲ್ಲಿ ಮುಚ್ಚಿಡಬಾರದು. ಒಳಗೆ ಬೆವರಿ ಹಿಟ್ಟು ಹಾಳಾಗುತ್ತದೆ. ಮನೆಗೆ ತಂದು ಕಾಗದದ ಮೇಲೆ ಹರವಿ, ಆರಿದ ನಂತರ ಸಣ್ಣ ಜರಡಿಯಲ್ಲಿ ಜರಡಿ ಹಿಡಿಯಬೇಕು. ಉದ್ದಿನ ನುಚ್ಚು ಉಳಿದಿದ್ದರೆ ಅದು ಒರಳಿನ ತೂತಿನಲ್ಲಿ ಸಿಕ್ಕಿ ಎಳೆಯನ್ನು ಕತ್ತರಿಸುತ್ತದೆ.

ಹಿಟ್ಟು ಕಲಸುವುದು

ಒಂದು ಸಲಕ್ಕೆ ಅರ್ಧ ಕಿಲೋ ಹಿಟ್ಟನ್ನು ಮಾತ್ರ ಕಲಸಬೇಕು. ಪೂರ್ತಿ ಕಲಸಿಟ್ಟರೆ ಕೊನೆಯ ಪಾಲು ಒಣಗಿ ಬಿರಿಯುತ್ತದೆ. ಅರ್ಧ ಕಿಲೋಗೆ 50 ಗ್ರಾಂ ಬೆಣ್ಣೆ, ಎರಡು ಸಣ್ಣ ಚಮಚದೊಳಗೆ ಉಪ್ಪು, ಒಂದೂವರೆ ಚಮಚ ಖಾರದ ಪುಡಿ, ಒಂದು ಚಮಚ ಜೀರಿಗೆ, ಒಂದು ದೊಡ್ಡ ಚಮಚ ಬಿಳಿ ಎಳ್ಳು, ಅರ್ಧ ಚಮಚ ಅಜವಾನ, ಕಾಲು ಚಮಚ ಇಂಗು ಬೇಕಾಗುತ್ತದೆ. ಅಜವಾನವನ್ನು ಅಂಗೈಯಲ್ಲಿ ತಿಕ್ಕಿ ಹಾಕಿದರೆ ಪರಿಮಳ ಬಿಡುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಪುಡಿಯಾದರೆ ಖಾರ ಮಿತವಾಗಿದ್ದು ಬಣ್ಣ ಚೆನ್ನಾಗಿ ಬರುತ್ತದೆ. ಇಂಗನ್ನು ಎರಡು ಚಮಚ ನೀರಿನಲ್ಲಿ ಕದಡಿ ಹಾಕಬೇಕು, ಪುಡಿಯಾಗಿಯೇ ಹಾಕಿದರೆ ಒಂದೆಡೆ ನಿಂತುಬಿಡುತ್ತದೆ.

ದಾವಣಗೆರೆಯಲ್ಲಿ ಬೆಣ್ಣೆ ಎಂದ ಕೂಡಲೇ ದೋಸೆಯೇ ನೆನಪಾಗುತ್ತದೆ, ಆದರೆ ಈ ಊರಿನ ಬೆಣ್ಣೆಗೆ ಚಕ್ಕುಲಿಯಲ್ಲಿಯೂ ಅಷ್ಟೇ ಬೆಲೆಯಿದೆ. ಬೆಣ್ಣೆ ಹಿಟ್ಟಿನ ಕಣಗಳಿಗೆ ಸವರಿಕೊಂಡು ಅವು ಒಂದಕ್ಕೊಂದು ಬಿಗಿಯಾಗಿ ಕಚ್ಚಿಕೊಳ್ಳದಂತೆ ತಡೆಯುತ್ತದೆ. ಬಾಯಲ್ಲಿಟ್ಟಾಗ ಚಕ್ಕುಲಿ ಪುಡಿಯಾಗುವುದು ಈ ಕಾರಣಕ್ಕೆ. ಹೊರಗಿಟ್ಟು ಮೆತ್ತಗಾದ, ಉಪ್ಪಿಲ್ಲದ ಬೆಣ್ಣೆಯನ್ನು ಒಣ ಹಿಟ್ಟಿಗೆ ಹಾಕಿ, ಬೆರಳ ತುದಿಯಿಂದ ಐದು ನಿಮಿಷವಾದರೂ ತಿಕ್ಕಬೇಕು. ಒಂದು ಹಿಡಿ ಹಿಟ್ಟನ್ನು ಮುಷ್ಟಿಯಲ್ಲಿ ಒತ್ತಿದಾಗ ಉಂಡೆ ನಿಂತು, ಬೆರಳು ತಾಗಿಸಿದರೆ ಉದುರಿದರೆ ಬೆಣ್ಣೆ ಸರಿಯಾಗಿ ಬಿದ್ದಿದೆ ಎಂದರ್ಥ. ರುಚಿಯ ಆಸೆಗೆ ಇನ್ನಷ್ಟು ಬೆಣ್ಣೆ ಹಾಕುವ ಮನಸ್ಸಾಗುತ್ತದೆ. ಹಾಗೆ ಮಾಡಿದರೆ ಚಕ್ಕುಲಿ ಎಣ್ಣೆಯಲ್ಲಿ ಬಿಚ್ಚಿಕೊಂಡು ಕರಗಿಹೋಗುತ್ತದೆ.

ನೀರು ಉಗುರು ಬೆಚ್ಚಗಿರಲಿ. ಕುದಿಯುವ ನೀರು ಹಾಕುವ ಪದ್ಧತಿಯೂ ಇದೆ, ಅದು ಉದ್ದಿಲ್ಲದ ಬರೀ ಅಕ್ಕಿ ಹಿಟ್ಟಿನ ತಿಂಡಿಗೆ ಅಂಟು ತರಿಸಲು ಬೇಕಾಗುತ್ತದೆ. ಉದ್ದು ಬೆರೆತ ಹಿಟ್ಟಿಗೆ ಅದರ ಅಗತ್ಯ ನನಗೆ ಕಂಡಿಲ್ಲ. ಅರ್ಧ ಕಿಲೋ ಹಿಟ್ಟು ಸುಮಾರು 350 ಮಿಲಿಲೀಟರ್ ನೀರು ಹಿಡಿಯುತ್ತದೆ, ಅಕ್ಕಿಯ ಹಳತನಕ್ಕೆ ತಕ್ಕಂತೆ ಇದು ಹೆಚ್ಚು ಕಡಿಮೆಯಾಗುತ್ತದೆ. ಮೊದಲು ಮುಕ್ಕಾಲು ಪಾಲು ನೀರನ್ನು ಹಾಕಿ ಕಲಸಿ, ಉಳಿದದ್ದನ್ನು ಕೈಯಲ್ಲಿ ಚಿಮುಕಿಸುತ್ತ ನಾದಬೇಕು. ಚಪಾತಿ ಹಿಟ್ಟಿಗಿಂತ ಮೃದುವಾಗಿ, ಅಂಗೈಗೆ ಅಂಟದಂತಿರುವುದು ಸರಿಯಾದ ಹದ. ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ ಹೆಬ್ಬೆರಳಿನಿಂದ ಅದುಮಿದಾಗ ಅಂಚು ಬಿರಿದರೆ ಇನ್ನೂ ನೀರು ಬೇಕು, ಹೆಬ್ಬೆರಳಿಗೆ ಹಿಟ್ಟು ಮೆತ್ತಿಕೊಂಡರೆ ನೀರು ಹೆಚ್ಚಾಗಿದೆ. ಹೆಚ್ಚಾದಾಗ ಗಾಬರಿಯಾಗದೆ ತೆಗೆದಿಟ್ಟ ಒಣ ಹಿಟ್ಟನ್ನು ಒಂದೆರಡು ಚಮಚ ಸೇರಿಸಿ ನಾದಿದರೆ ಸರಿಹೋಗುತ್ತದೆ. ಅದಕ್ಕಾಗಿ ಒಂದು ಬಟ್ಟಲು ಒಣ ಹಿಟ್ಟನ್ನು ಯಾವಾಗಲೂ ಬದಿಗಿಟ್ಟುಕೊಂಡಿರಬೇಕು. ಕಲಸಿದ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿಡುವುದನ್ನು ಮರೆಯಬಾರದು.

ಒತ್ತಿ ಕರಿಯುವುದು

ಚಕ್ಕುಲಿ ಒರಳಿಗೆ ನಕ್ಷತ್ರದ ತೂತಿನ ಬಿಲ್ಲೆ ಹಾಕಿ, ಒಳಗೆ ಎಣ್ಣೆ ಸವರಿ, ಹಿಟ್ಟನ್ನು ಉದ್ದನೆಯ ಉಂಡೆ ಮಾಡಿ ತುಂಬಬೇಕು. ಸಣ್ಣ ತುಂಡುಗಳನ್ನು ಒಂದರ ಮೇಲೊಂದು ತುರುಕಿದರೆ ನಡುವೆ ಗಾಳಿ ಉಳಿದು, ಎಳೆ ಅಲ್ಲಲ್ಲಿ ಕಡಿಯುತ್ತದೆ. ಬಾಳೆ ಎಲೆಯ ತುಂಡಿನ ಮೇಲೋ ಬಟ್ಟೆಯ ಮೇಲೋ ನಡುವಿನಿಂದ ಹೊರಕ್ಕೆ ಮೂರು ಸುತ್ತು ಒತ್ತಿ, ಕೊನೆಯ ತುದಿಯನ್ನು ಬೆರಳಿನಿಂದ ಅಂಟಿಸಬೇಕು. ಅಂಟಿಸದೆ ಬಿಟ್ಟರೆ ಎಣ್ಣೆಯಲ್ಲಿ ಸುತ್ತು ಬಿಚ್ಚಿಕೊಳ್ಳುತ್ತದೆ. ಸುತ್ತುಗಳು ಒಂದಕ್ಕೊಂದು ತೀರಾ ಒತ್ತಿಕೊಂಡಿರಬಾರದು, ನಡುವಿನ ಭಾಗ ಬೇಯದೆ ಉಳಿಯುತ್ತದೆ.

ಎಣ್ಣೆ ಶೇಂಗಾದ್ದಾದರೆ ಉತ್ತಮ. 1997ರವರೆಗೆ ದಾವಣಗೆರೆಯೂ ಚಿತ್ರದುರ್ಗವೂ ಒಂದೇ ಜಿಲ್ಲೆಯಾಗಿದ್ದವು. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆ ಹತ್ತಿರವೇ ಇರುವ ಈ ಸೀಮೆಯಲ್ಲಿ ಹಬ್ಬದ ಕರಿದ ತಿಂಡಿಗೆ ಶೇಂಗಾ ಎಣ್ಣೆಯ ವಾಸನೆ ಹೊಂದಿಕೊಂಡೇ ಬಂದಿದೆ. ಬಾಣಲೆಯ ಅರ್ಧದಷ್ಟು ಎಣ್ಣೆ ಹಾಕಿ ಕಾಯಿಸಿ, ಚಿಟಿಕೆ ಹಿಟ್ಟನ್ನು ಬಿಡಬೇಕು. ಅದು ತಳಕ್ಕೆ ಹೋಗಿ ನಿಧಾನವಾಗಿ ಮೇಲೆ ಬಂದರೆ ಎಣ್ಣೆ ತಯಾರಾಗಿದೆ. ಬಿದ್ದ ಕೂಡಲೇ ಮೇಲೆ ಚಿಮ್ಮಿದರೆ ಕಾವು ಹೆಚ್ಚಾಗಿದೆ, ಹೊರಗೆ ಕೆಂಪಾಗಿ ಒಳಗೆ ಮೆತ್ತಗೆ ಉಳಿಯುತ್ತದೆ. ತಳದಲ್ಲೇ ಕುಳಿತರೆ ಕಾವು ಸಾಲದು, ಚಕ್ಕುಲಿ ಎಣ್ಣೆ ಕುಡಿಯುತ್ತದೆ.

ಒಮ್ಮೆಗೆ ನಾಲ್ಕೈದಕ್ಕಿಂತ ಹೆಚ್ಚು ಹಾಕಬಾರದು. ಹಾಕಿದ ಕೂಡಲೇ ಸೌಟು ಆಡಿಸಿದರೆ ಮುರಿಯುತ್ತವೆ. ಅರ್ಧ ನಿಮಿಷ ತಾವಾಗಿಯೇ ಗಟ್ಟಿಯಾಗಲು ಬಿಟ್ಟು, ಆಮೇಲೆ ಮಗುಚಿ, ಉರಿಯನ್ನು ಮಧ್ಯಮಕ್ಕಿಂತ ತುಸು ಕೆಳಗಿಡಬೇಕು. ಯಾವಾಗ ತೆಗೆಯಬೇಕೆಂದು ಬಣ್ಣಕ್ಕಿಂತ ಸದ್ದು ಸರಿಯಾಗಿ ಹೇಳುತ್ತದೆ. ಎಣ್ಣೆಯಲ್ಲಿ ಏಳುವ ಗುಳ್ಳೆ, ಚುಯ್ ಎನ್ನುವ ಸದ್ದು ಎರಡೂ ಹಿಟ್ಟಿನೊಳಗಿನ ನೀರು ಆವಿಯಾಗಿ ಹೋಗುತ್ತಿರುವುದರಿಂದ ಬರುತ್ತವೆ. ಗುಳ್ಳೆಗಳು ಇಳಿದು ಸದ್ದು ಅಡಗಿದರೆ ನೀರು ಹೋಗಿದೆ, ತೆಗೆಯಬಹುದು. ಬಣ್ಣ ಹೊಂಬಣ್ಣಕ್ಕೆ ಬಂದಿದ್ದರೂ ಗುಳ್ಳೆ ಏಳುತ್ತಲೇ ಇದ್ದರೆ ಇನ್ನೂ ಒಂದು ನಿಮಿಷ ಕಾಯಬೇಕು, ಇಲ್ಲವಾದರೆ ಸಂಜೆಗೆ ಅದು ಮೆತ್ತಗಾಗಿಬಿಡುತ್ತದೆ.

ಮೊದಲು ಒಂದೇ ಒಂದು ಚಕ್ಕುಲಿಯನ್ನು ಕರಿದು, ಆರಿಸಿ, ಮುರಿದು ತಿಂದು ನೋಡುವುದು ಅಗತ್ಯ. ಗಟ್ಟಿಯಾಗಿದ್ದರೆ ಉಳಿದ ಹಿಟ್ಟಿಗೆ ಒಂದು ಚಮಚ ಬೆಣ್ಣೆಯನ್ನೂ, ಬಿಚ್ಚಿಕೊಂಡಿದ್ದರೆ ಎರಡು ಚಮಚ ಒಣ ಹಿಟ್ಟನ್ನೂ ಸೇರಿಸಿ ನಾದಬೇಕು. ಉಪ್ಪು, ಖಾರವನ್ನೂ ಈಗಲೇ ಸರಿಪಡಿಸಿಕೊಳ್ಳಬಹುದು.

ಕರಿದವನ್ನು ಜರಡಿಯ ಮೇಲೆ ಒಂದೊಂದಾಗಿ ಹರಡಿ ಪೂರ್ತಿ ತಣ್ಣಗಾದ ಮೇಲೆ ಸ್ಟೀಲ್ ಡಬ್ಬಿಗೆ ತುಂಬಬೇಕು. ಬೆಚ್ಚಗಿರುವಾಗ ತುಂಬಿದರೆ ಎಷ್ಟು ಹದವಾಗಿ ಕರಿದಿದ್ದರೂ ಒಳಗೆ ಬೆವರಿ ಗರಿಗರಿತನ ಹೋಗುತ್ತದೆ. ಡಬ್ಬಿಯ ಬಾಯಿ ಬಿಗಿಯಾಗಿದ್ದು ಒದ್ದೆ ಕೈ ತಾಗದಿದ್ದರೆ ಹದಿನೈದು ದಿನ ಏನೂ ಆಗುವುದಿಲ್ಲ. ದೇವರ ಎಡೆಗೆ ಬೇಕಾದಷ್ಟನ್ನು ಮೊದಲೇ ಬೇರೆ ಡಬ್ಬಿಯಲ್ಲಿ ತೆಗೆದಿಟ್ಟರೆ, ಮಕ್ಕಳು ದಿನಕ್ಕೆ ಹತ್ತು ಸಲ ದೊಡ್ಡ ಡಬ್ಬಿಯ ಮುಚ್ಚಳ ತೆಗೆದರೂ ಹಬ್ಬದ ಬೆಳಿಗ್ಗೆಗೆ ಗರಿಗರಿಯಾದ ಚಕ್ಕುಲಿ ಉಳಿದಿರುತ್ತದೆ.