ಚಕ್ಕೆಯ ಸಿನ್ನಮಾಲ್ಡಿಹೈಡ್: ಕೊಲ್ಲದೆ ಸಂಕೇತ ತಡೆದ ನನ್ನ ಅನುಭವ

ಚಕ್ಕೆಗೆ ಪರಿಮಳ ಕೊಡುವ ಸಿನ್ನಮಾಲ್ಡಿಹೈಡ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದರಿಂದಲೇ ಅವು ತಯಾರಿಸುವ ನೇರಳೆ ವಯೊಲೇಸಿನ್ ಬಣ್ಣ ಇಳಿಯುತ್ತದೆ, ಅದಕ್ಕೆ ಕೋರಂ ಸೆನ್ಸಿಂಗ್ (ಬ್ಯಾಕ್ಟೀರಿಯಾಗಳು ರಾಸಾಯನಿಕ ಸಂಕೇತಗಳ ಮೂಲಕ ಒಟ್ಟಾಗಿ ವರ್ತಿಸುವ ಬಗೆ) ತಡೆ ಎಂಬ ಹೆಸರು ಸಲ್ಲದು ಎಂದು ಸಹೋದ್ಯೋಗಿಗಳು ಬಹಳ ಕಾಲ ವಾದಿಸಿದರು. ಈಗ ಜೀವಂತ ಕೋಶಗಳ ಎಣಿಕೆ ಕಂಟ್ರೋಲಿನಷ್ಟೇ (ಔಷಧಿ ಹಾಕದ ಮಾದರಿಯಷ್ಟೇ) ಇದ್ದು ಬಣ್ಣ ಮಾತ್ರ ಸುಮಾರು ಮೂರನೇ ಒಂದಕ್ಕೆ ಇಳಿಯುತ್ತಿದೆ, ಮತ್ತೆ ಮತ್ತೆ ಮಾಡಿದರೂ ಹಾಗೆಯೇ ಬರುತ್ತಿದೆ. ನಾವು ಬಳಸುವ ಸಿವಿ026 ಎಂಬ ಬ್ಯಾಕ್ಟೀರಿಯಾ ತಳಿ ತಾನಾಗಿ ಸಂಕೇತ ತಯಾರಿಸುವುದಿಲ್ಲ. ನಾವು ಹಾಕಿದ ಸಂಕೇತದ ಅಣು ಸಿ6-ಎಚ್‌ಎಸ್‌ಎಲ್‌ಗೆ ಮಾತ್ರ ನೇರಳೆಯಾಗುತ್ತದೆ. ಆದ್ದರಿಂದ ಇಲ್ಲಿ ತಡೆ ಬೀಳುತ್ತಿರುವುದು ಸಂಕೇತದ ತಯಾರಿಕೆಗಲ್ಲ, ಅದು ತಲುಪಿದ ಮೇಲಿನ ಹಂತಕ್ಕೆ.

ವರ್ಷಗಟ್ಟಲೆ ಕೆಲಸ ಕೆಡಿಸಿದ್ದು ಸಿನ್ನಮಾಲ್ಡಿಹೈಡಿನ ಆವಿ. ತೊಂಬತ್ತಾರು ವೆಲ್‌ಗಳ (ಸಣ್ಣ ಗುಳಿಗಳ) ಪ್ಲೇಟಿನಲ್ಲಿ ಔಷಧಿಯೇ ಇಲ್ಲದ ವೆಲ್‌ಗಳೂ, ಹೆಚ್ಚಿನ ಪ್ರಮಾಣದ ಸಾಲಿಗೆ ಹತ್ತಿರವಾದಷ್ಟೂ, ಮಾಸಲು ಬಿಳಿಯಾಗಿ ಉಳಿಯುತ್ತಿದ್ದವು. ದೂರದ ಮೂಲೆಯಲ್ಲಿ ಮಾತ್ರ ಗಾಢ ನೇರಳೆ ಕಾಣುತ್ತಿತ್ತು. ಕಂಟ್ರೋಲನ್ನು ಬೇರೆ ಪ್ಲೇಟಿಗೆ ಸಾಗಿಸಿ, ಅಂಟುವ ಹಾಳೆಯಿಂದ ಮುಚ್ಚಿದ ಮೇಲೆ ಅಂಕಿಗಳು ನೆಲೆಗೆ ಬಂದವು. ತೆರೆದಿಟ್ಟ ಬಾಟಲಿಯಲ್ಲಿ ಇದು ಗಾಳಿಗೆ ಸಿನ್ನಮಿಕ್ ಆಮ್ಲವಾಗುವುದರಿಂದ ಡಿಎಂಎಸ್‌ಒ (ಅದನ್ನು ಕರಗಿಸುವ ದ್ರವ) ದ್ರಾವಣವನ್ನು ಆಯಾ ದಿನವೇ ಮಾಡಿಕೊಳ್ಳುತ್ತೇನೆ.

ಹಣ ಕರಗಿದ್ದು ಸಂಕೇತದ ಅಣುವಿಗೆ. ಕೆಲವೇ ಮಿಲಿಗ್ರಾಂಗೆ, ನೆನಪಿರುವಂತೆ, 15,000 ರೂಪಾಯಿಯ ಆಸುಪಾಸು ತೆತ್ತಿದ್ದೆವು. ಕ್ಷಾರೀಯ ಮಾಧ್ಯಮದಲ್ಲಿ ಅದರ ಲ್ಯಾಕ್ಟೋನ್ ಉಂಗುರ ಬಿಚ್ಚಿಕೊಳ್ಳುವುದರಿಂದ ಪಿಎಚ್ ಏಳನ್ನು ಮೀರದಂತೆ ಕಾಯುತ್ತೇವೆ. ಸಿನ್ನಮಾಲ್ಡಿಹೈಡಿಗೆ ಆ ಹಣದ ಕಾಲುಭಾಗವೂ ಆಗಲಿಲ್ಲ.

ಸ್ಯೂಡೊಮೊನಾಸ್ ಪಿಎಒ1 ಎಂಬ ಇನ್ನೊಂದು ಬ್ಯಾಕ್ಟೀರಿಯಾ ತಳಿಯ ಬಯೋಫಿಲ್ಮ್ (ಮೇಲ್ಮೈಗೆ ಅಂಟಿ ಬೆಳೆಯುವ ಬ್ಯಾಕ್ಟೀರಿಯಾ ಪದರ) ಅಳೆಯುವಾಗ, ಅದಕ್ಕೆ ಹಚ್ಚುವ ಕ್ರಿಸ್ಟಲ್ ವಯಲೆಟ್ ಬಣ್ಣವನ್ನು ತೊಳೆಯುವುದರಲ್ಲೇ ಫಲಿತಾಂಶದ ಅರ್ಧ ಭಾಗ ನಿಂತಿದೆ. ಪಿಪೆಟ್ಟಿನ ರಭಸಕ್ಕೆ ಪದರ ಕಿತ್ತು ಬಂದರೆ ಯಾವ ಔಷಧಿಯೂ ಅದ್ಭುತವಾಗಿ ಕಾಣುತ್ತದೆ! ನನ್ನ ತೊಳೆಯುವ ಕ್ರಮ ಇನ್ನೂ ಪ್ರಕಟವಾಗದ ಲೇಖನದಲ್ಲಿರುವುದರಿಂದ ಇಲ್ಲಿ ವಿವರಿಸುವುದಿಲ್ಲ. ಆದರೆ ಅದರಿಂದ ಮರುಪ್ರಯೋಗಗಳ ನಡುವಿನ ಅಂತರ ಶೇ. 40ರ ಹತ್ತಿರದಿಂದ ಶೇ. 10ರ ಸುತ್ತಮುತ್ತಲಿಗೆ ಬಂದಿದೆ, ಇದು ನಮ್ಮಂಥ ಸಣ್ಣ ಪ್ರಯೋಗಾಲಯಕ್ಕೆ ಹೆಮ್ಮೆಯ ಮಾತು. ಬೆಳವಣಿಗೆ ತಡೆಯುವ ಮಟ್ಟದ ಕಾಲುಭಾಗದಲ್ಲೇ ಬಯೋಫಿಲ್ಮ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ನಡುವೆ ಅರಿಶಿನದ ಕರ್ಕ್ಯುಮಿನ್ ಕೂಡ ನೋಡಿದೆ. ಅದು ನೀರಿನಲ್ಲಿ ಕರಗದೆ ತಳಕಟ್ಟಿ ಪ್ಲಾಸ್ಟಿಕ್ಕಿಗೂ ಅಂಟಿಕೊಂಡು, ಬೆಳವಣಿಗೆಯ ಅಳತೆಯ ಅಂಕಿಯನ್ನೇ ಏರಿಸಿಬಿಟ್ಟಿತು, ಬಿಟ್ಟುಬಿಟ್ಟೆ. ಸದ್ಯ ಸಿಲಿಕೋನ್ ಕ್ಯಾಥೆಟರಿನ ತುಂಡುಗಳ ಮೇಲೆ ಕೆಲಸ ನಡೆದಿದೆ. ಸಿಲಿಕೋನ್ ಇಂಥ ಎಣ್ಣೆಯಂಶದ ಅಣುಗಳನ್ನು ಹೀರಿಕೊಳ್ಳುವುದರಿಂದ ದ್ರವದಲ್ಲಿನ ಪ್ರಮಾಣ ಕುಸಿಯುತ್ತದೆ. ಹಾಗಾಗಿ ತುಂಡುಗಳನ್ನು ಮೊದಲೇ ಸಿನ್ನಮಾಲ್ಡಿಹೈಡಿನಲ್ಲಿ ನೆನೆಸಿ, ಆಮೇಲೆ ಬ್ಯಾಕ್ಟೀರಿಯಾ ಹಾಕುತ್ತಿದ್ದೇನೆ.