ಸೂಪರ್‌ಪವರ್ ಬಂದ ಹುಡುಗರ ಕತೆಯನ್ನು ಫೋನಿನಲ್ಲೇ ತೆಗೆಯುವುದು ಹೇಗೆ

ಸ್ಕ್ರಿಪ್ಟ್ ಆಮೇಲೆ ಬರೆಯಿರಿ. ಮೊದಲು ಒಂದು ಪ್ರಶ್ನೆಗೆ ಉತ್ತರ ಹುಡುಕಿ: ಕ್ಯಾಮೆರಾ ಯಾರ ಕೈಲಿದೆ, ಅವನು ಯಾಕೆ ಶೂಟ್ ಮಾಡ್ತಿದ್ದಾನೆ? ಫೌಂಡ್ ಫೂಟೇಜ್ ಸಿನಿಮಾ ಅಂದರೆ ಕತೆಯೊಳಗಿನ ಪಾತ್ರಗಳೇ ತೆಗೆದ ವಿಡಿಯೋ ಅನ್ನಿಸಬೇಕು. ಕನ್ನಡದಲ್ಲಿ 2013ರಲ್ಲಿ ಬಂದ '6-5=2' ನೋಡಿದವರಿಗೆ ಇದು ಗೊತ್ತು. ಅಲ್ಲಿ ಟ್ರೆಕ್ಕಿಂಗ್ ಹೊರಟವರು ವಿಡಿಯೋ ಮಾಡುವುದು ಸಹಜ, ಯಾರೂ ಪ್ರಶ್ನೆ ಕೇಳಲ್ಲ. ಆದರೆ ಪವರ್ ಇರುವ ಹುಡುಗರ ಕತೆಯಲ್ಲಿ ಕಾರಣ ಇನ್ನೂ ಗಟ್ಟಿಯಾಗಿರಬೇಕು.

ನಾನು ಇದನ್ನು ಕಲಿತದ್ದು 2012ರ 'ಕ್ರಾನಿಕಲ್' ನೋಡಿ. ಜೋಶ್ ಟ್ರ್ಯಾಂಕ್ ನಿರ್ದೇಶಿಸಿದ 84 ನಿಮಿಷದ ಸಿನಿಮಾ. ಅಮೆರಿಕದ ಸಿಯಾಟಲ್‌ನ ಮೂವರು ಹೈಸ್ಕೂಲ್ ಹುಡುಗರಿಗೆ ಮುಟ್ಟದೆಯೇ ವಸ್ತು ಸರಿಸುವ ಶಕ್ತಿ ಬರುತ್ತದೆ. (ಕತೆ ನಡೆಯುವುದು ಸಿಯಾಟಲ್‌ನಲ್ಲಿ, ಶೂಟಿಂಗ್ ಬಹುಪಾಲು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ.) ಕುಡಿದು ಬಂದ ಅಪ್ಪ ಬಾಗಿಲು ಬಡಿಯುತ್ತಿರುವಾಗ ಆ ಮೂವರಲ್ಲಿ ಒಬ್ಬನಾದ ಆಂಡ್ರ್ಯೂ ಕ್ಯಾಮೆರಾ ಆನ್ ಮಾಡಿರುತ್ತಾನೆ. ಏಟು ತಿನ್ನುವ ಆ ಹುಡುಗನಿಗೆ ಕ್ಯಾಮೆರಾ ಅಂದರೆ ತನ್ನ ಮತ್ತು ಜಗತ್ತಿನ ಮಧ್ಯೆ ಇಟ್ಟುಕೊಂಡ ಒಂದು ಬಾಗಿಲು. ಹಾಗಾಗಿ ಕೊನೆಯವರೆಗೂ 'ಇವನು ಯಾಕೆ ಇನ್ನೂ ಶೂಟ್ ಮಾಡ್ತಿದ್ದಾನೆ' ಅನ್ನೋ ಅನುಮಾನ ನಮಗೆ ಬರಲ್ಲ. ನಿಮ್ಮ ಹುಡುಗನಿಗೂ ಇಂಥದ್ದೊಂದು ಕಾರಣ ಕೊಡಿ.

ಶಕ್ತಿ ಒಂದೇ ಸಾಕು. ಅದು ಸಣ್ಣದರಿಂದ ಬೆಳೆಯಲಿ. ಕ್ರಾನಿಕಲ್‌ನಲ್ಲಿ ಹುಡುಗರು ಲೆಗೋ ಜೋಡಿಸಿ ಆಡುತ್ತಾರೆ, ಅಂಗಡಿಯಲ್ಲಿ ಟೆಡ್ಡಿ ಬೇರ್ ಹಾರಿಸುತ್ತಾರೆ, ಪಾರ್ಕಿಂಗ್‌ನಲ್ಲಿ ಯಾರದ್ದೋ ಕಾರನ್ನು ಸರಿಸುತ್ತಾರೆ, ಆಮೇಲೆ ತಾವೇ ಹಾರುತ್ತಾರೆ. ಜಾಸ್ತಿ ಬಳಸಿದರೆ ಮೂಗಲ್ಲಿ ರಕ್ತ. ಹೆದ್ದಾರಿಯಲ್ಲಿ ಒಬ್ಬನ ಪ್ರಾಣಕ್ಕೆ ಕುತ್ತು ಬಂದ ಮೇಲೆ ತಾವೇ ನಿಯಮ ಹಾಕಿಕೊಳ್ಳುತ್ತಾರೆ: ಜೀವ ಇರುವುದರ ಮೇಲೆ ಬಳಸಬಾರದು, ಕೋಪದಲ್ಲಿ ಬಳಸಬಾರದು, ಜನರ ಮುಂದೆ ಬಳಸಬಾರದು. ನೀವೂ 3 ನಿಯಮ ಬರೆದಿಟ್ಟುಕೊಳ್ಳಿ. ಅವು ಒಂದೊಂದಾಗಿ ಮುರಿಯುವುದೇ ನಿಮ್ಮ ಕತೆ.

ಈಗ ಟ್ರಿಕ್‌ಗಳು. ಅತಿ ಸುಲಭದ್ದು ವಿಡಿಯೋವನ್ನು ಹಿಂದುಮುಂದು ಮಾಡುವುದು. ಕೈಯಿಂದ ಚೆಂಡು ಬೀಳಿಸಿ, ಎಡಿಟಿಂಗ್‌ನಲ್ಲಿ ರಿವರ್ಸ್ ಮಾಡಿ, ಚೆಂಡು ನೆಲದಿಂದ ಎದ್ದು ಕೈಗೆ ಬರುತ್ತದೆ. ಆದರೆ ಆ ಶಾಟ್‌ನಲ್ಲಿ ಯಾರೂ ಮಾತಾಡಬಾರದು, ಹಿಂದೆ ಜನ ನಡೆಯಬಾರದು. ಹಗುರ ವಸ್ತುಗಳಿಗೆ ಗಾಳದ ತೆಳು ನೈಲಾನ್ ದಾರ ಸಾಕು. ದಾರದ ಹಿಂದೆ ಗೋಡೆ ಖಾಲಿ ಇರಬಾರದು, ಎಲೆಯೋ ಪುಸ್ತಕದ ಕಪಾಟೋ ಇದ್ದರೆ ದಾರ ಕಣ್ಣಿಗೆ ಬೀಳಲ್ಲ.

ಮನುಷ್ಯನನ್ನು ತೇಲಿಸಬೇಕಾ? ಫೋನನ್ನು ಟ್ರೈಪಾಡ್ ಮೇಲೆ ಅಲುಗಾಡದಂತೆ ಇಡಿ. ಗೆಳೆಯನನ್ನು ಗಟ್ಟಿ ಸ್ಟೂಲ್ ಮೇಲೆ ಹೊಟ್ಟೆ ಆನಿಸಿ ಮಲಗಿಸಿ ಒಂದು ಶಾಟ್ ತೆಗೆಯಿರಿ. ಫೋನ್ ಮುಟ್ಟದೆ, ಗೆಳೆಯನೂ ಸ್ಟೂಲೂ ಇಲ್ಲದ ಖಾಲಿ ಜಾಗದ ಶಾಟ್ ಇನ್ನೊಂದು. ಎಡಿಟಿಂಗ್‌ನಲ್ಲಿ ಖಾಲಿ ಶಾಟ್ ಕೆಳಗೆ, ಗೆಳೆಯನ ಶಾಟ್ ಮೇಲೆ ಇಟ್ಟು, ಮೇಲಿನದರಲ್ಲಿ ಸ್ಟೂಲ್ ಇರುವ ಭಾಗವನ್ನಷ್ಟೇ ಮಾಸ್ಕ್ ಮಾಡಿ (ಅಂದರೆ ಮರೆಮಾಡಿ) ಅಳಿಸಿ. ಇದಕ್ಕೆ ಮೊದಲು ಫೋನಿನ ಫೋಕಸ್ ಮತ್ತು ಎಕ್ಸ್‌ಪೋಷರ್ (ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣ) ಎರಡನ್ನೂ ಲಾಕ್ ಮಾಡಲೇಬೇಕು. ನಾವು ಮೊದಲ ಸಲ ಇದನ್ನು ಮರೆತೆವು, ಫೋನ್ ತಾನಾಗಿಯೇ ಬೆಳಕು ಬದಲಿಸಿ ಎರಡು ಶಾಟ್‌ಗಳ ಬೆಳಕೇ ಬೇರೆಯಾಗಿ ಇಡೀ ಮಧ್ಯಾಹ್ನದ ಕೆಲಸ ಹೋಯ್ತು.

ಟ್ರೈಪಾಡ್ ಶಾಟ್ ಕೈಯಲ್ಲಿ ಹಿಡಿದು ತೆಗೆದ ಹಾಗೆ ಕಾಣಲ್ಲ ಅಲ್ವಾ? ಅದಕ್ಕೆ ಫೋನಿನ ದೊಡ್ಡ ಅಳತೆಯಾದ 4ಕೆಯಲ್ಲಿ ಶೂಟ್ ಮಾಡಿ, ವಿಡಿಯೋವನ್ನು ಅದಕ್ಕಿಂತ ಚಿಕ್ಕ ಅಳತೆಯಾದ 1080ರಲ್ಲಿ ಹೊರತೆಗೆಯಿರಿ. ಅಂಚಿನಲ್ಲಿ ಬೇಕಾದಷ್ಟು ಜಾಗ ಸಿಗುತ್ತದೆ, ಫ್ರೇಮನ್ನು ಎಡಿಟಿಂಗ್‌ನಲ್ಲಿ ಸ್ವಲ್ಪ ಸ್ವಲ್ಪ ಸರಿಸಿ ಕೈ ನಡುಕ ಸೇರಿಸಬಹುದು. ಸುಮ್ನೆ ಜಾಸ್ತಿ ಅಲುಗಾಡಿಸಬೇಡಿ, ನೋಡುವವರಿಗೆ ತಲೆ ತಿರುಗುತ್ತದೆ.

ನನಗೆ ಕ್ರಾನಿಕಲ್‌ನಲ್ಲಿ ತುಂಬಾ ಇಷ್ಟವಾದದ್ದು ಒಂದಿದೆ. ಆಂಡ್ರ್ಯೂ ಕ್ಯಾಮೆರಾವನ್ನೇ ಮನಸ್ಸಿನಿಂದ ತೇಲಿಸಲು ಕಲಿಯುತ್ತಾನೆ. ಅಲ್ಲಿಂದ ಫ್ರೇಮ್ ನಿಧಾನಕ್ಕೆ ಅವನ ಸುತ್ತ ಸುತ್ತುತ್ತದೆ, ಮೇಲಿನಿಂದ ನೋಡುತ್ತದೆ. ಇದುವರೆಗೆ ಕ್ಯಾಮೆರಾ ಹಿಂದೆ ಅಡಗಿದ್ದವನು ಈಗ ಅದರ ಮುಂದೆ ಬರುತ್ತಾನೆ, ಅವನ ಶಕ್ತಿ ಎಷ್ಟು ಬೆಳೆದಿದೆ ಅಂತ ಮಾತಿಲ್ಲದೆ ಗೊತ್ತಾಗುತ್ತದೆ. ನಿಮಗೂ ಇದು ಸಾಧ್ಯ: ಮೊದಲರ್ಧ ಕೈಯಲ್ಲಿ ಹಿಡಿದು ತೆಗೆಯಿರಿ, ನಂತರ ಗಿಂಬಲ್ (ಫೋನ್ ಅಲುಗದಂತೆ ಹಿಡಿಯುವ ಸಾಧನ) ಅಥವಾ ಉದ್ದ ಸೆಲ್ಫಿ ಸ್ಟಿಕ್ಕಿಗೆ ಫೋನ್ ಕಟ್ಟಿ ನಿಧಾನಕ್ಕೆ ಸರಿಸಿ. ತಾರಸಿ ಅಂಚಿಗೆ, ರಸ್ತೆ ಮಧ್ಯಕ್ಕೆ ಮಾತ್ರ ಯಾರನ್ನೂ ಕಳಿಸಬೇಡಿ. ಎಷ್ಟು ಒಳ್ಳೆ ಶಾಟ್ ಆದರೂ ಬೇಡ.

ಕೊನೆಯ ದೊಡ್ಡ ದೃಶ್ಯಕ್ಕೆ ಒಂದೇ ಕ್ಯಾಮೆರಾ ಸಾಲದು. ಕ್ರಾನಿಕಲ್‌ನಲ್ಲಿ ಸಿಯಾಟಲ್‌ನ ಎತ್ತರದ ಗೋಪುರ ಸ್ಪೇಸ್ ನೀಡಲ್ ಬಳಿ ಜಗಳ ನಡೆಯುವಾಗ ಸಿಸಿಟಿವಿ, ಪೊಲೀಸ್ ಕಾರಿನ ಕ್ಯಾಮೆರಾ, ಪ್ರವಾಸಿಗರ ಫೋನು, ಎಲ್ಲದರಿಂದಲೂ ನೋಡುತ್ತೇವೆ. ನೀವು ಗೆಳೆಯರ 4 ಫೋನುಗಳನ್ನು ಬೇರೆ ಬೇರೆ ಜಾಗದಲ್ಲಿಟ್ಟು ಒಟ್ಟಿಗೆ ರೆಕಾರ್ಡ್ ಮಾಡಿ. ಎಲ್ಲವೂ ಆನ್ ಆದ ಮೇಲೆ ಒಬ್ಬರು ಜೋರಾಗಿ ಒಂದು ಚಪ್ಪಾಳೆ ಹೊಡೆಯಲಿ, ಎಡಿಟಿಂಗ್‌ನಲ್ಲಿ ಆ ಸದ್ದು ಹಿಡಿದು ನಾಲ್ಕನ್ನೂ ಹೊಂದಿಸಬಹುದು. ಹಿನ್ನೆಲೆ ಸಂಗೀತ ಹಾಕಬೇಡಿ. ದೂರದ ಫೋನಿನಲ್ಲಿ ಕೂಗು ಸಣ್ಣದಾಗಿ ಕೇಳಿಸಿದರೆ ಹಾಗೇ ಬಿಡಿ.